ಕಫ್ ಇಲ್ಲದ ಕೈ

"ಒಳ್ಳೆಯ ಗಡಿಯಾರ ಅಂಗಿಯ ಕಫ್ ಕೆಳಗೆ
ಸದ್ದಿಲ್ಲದೆ ಜಾರಿಕೊಳ್ಳಬೇಕು, ಡಾಕ್ಟರಬಾಯಿ,"
ಅಂದರು ಗ್ರೀನ್ ಸ್ಟ್ರೀಟಿನ ವಿಠೋಬಾ ರಾಯ್ಕರ್,
ಕಣ್ಣಿಗೆ ಕಚ್ಚಿಸಿದ ಮಸೂರ ತೆಗೆಯದೆ.
ನನ್ನ ಕೈ ನೋಡಿಕೊಂಡೆ.
ಸೀರೆಗೆ ಕಫ್ ಇಲ್ಲ.
ಮೊಣಕೈವರೆಗೆ ರವಿಕೆ, ಅಲ್ಲಿಂದಾಚೆ ಬರಿಯ ಚರ್ಮ,
ಒಂದು ಬಳೆ,
ಇಪ್ಪತ್ತಾರು ವರ್ಷ ಆಸ್ಪತ್ರೆಯ ಸಾಬೂನು ತಿಂದ ಮಣಿಕಟ್ಟು.

ಹೆಂಗಸರದ್ದು ಬೇರೆ ಟ್ರೇ ಇದೆ, ಅಂದ ಮಗ ಸರ್ವೇಶ.
ಅದರ ತುಂಬ ಕಲ್ಲು ಕೂರಿಸಿದ ಅವರೆಕಾಳು,
ಹೊಟ್ಟೆಯಲ್ಲಿ ಬ್ಯಾಟರಿ.
ನನಗೆ ಕಿವಿಗೆ ಹಿಡಿದರೆ ಎದೆ ಕೇಳಿಸುವಂಥದು ಬೇಕು.

ಹಸಿರು ಬಟ್ಟೆಯ ಮೇಲೆ ಮೂರು ಇಟ್ಟರು.
ಒಂದು ಉಕ್ಕಿನದು, ಕಪ್ಪು ಮುಖ, ಅಂಚಿಡೀ ಅಂಕೆಗಳ ಗಲಾಟೆ,
ಬೈತಖೋಲಿನ ಟಗ್ಗಿನ ಹಾಗೆ
ಎಂಥ ರೇಷ್ಮೆ ಉಟ್ಟರೂ ಮೊದಲು ಅದೇ ಒಳಗೆ ನುಗ್ಗೀತು.
ಇನ್ನೊಂದು ಚಿನ್ನ, ಹಪ್ಪಳದಷ್ಟು ತೆಳು,
ಎಲ್ಲದಕ್ಕೂ ಹೌದು ಹೌದೆನ್ನುವ ಬೀಗರಂತೆ ಸಭ್ಯ,
ಗುಂಡಿ ಎಲ್ಲಿದೆಯೆಂದು ಉಗುರಿನಿಂದ ಹುಡುಕಬೇಕು.
ಅದರ ಬೆಲೆಗೆ ಕೋಡಿಬಾಗದಲ್ಲಿ ದೋಣಿ ಬರುತ್ತದೆ,
ಇಂಜಿನ್ ಸಮೇತ.

ಮೂರನೆಯದು ಕೆನೆಬಣ್ಣ.
ಎರಡು ಪುಟ್ಟ ಕಣ್ಣು, ನೀಲಿ ಮುಳ್ಳು.
ಅಂಚಿನಲ್ಲಿ ನಾಡಿಯ ಲೆಕ್ಕ:
ಹದಿನೈದು ಬಡಿತ ಎಣಿಸಿ ನಿಲ್ಲಿಸಿದರೆ
ನಿಮಿಷಕ್ಕೆಷ್ಟೆಂದು ಮುಳ್ಳೇ ತೋರಿಸುತ್ತದೆ.
ಯಾವುದೋ ಹಡಗಿನ ಡಾಕ್ಟರದ್ದಂತೆ. ಬೆನ್ನಿಗೆ ಎರಡಕ್ಷರ.
"ಅಳಿಸಲೋ?" ಅಂದರು. ಬೇಡ ಅಂದೆ.

ಬೆನ್ನು ತೆರೆದರು.
ಕೋಟೆಯ ತೆನೆಗಳಂತೆ ಹಲ್ಲೆದ್ದ ಚಕ್ರ,
ಒಂದರ ಮೇಲೊಂದು ಉಸಿರು ಹಿಡಿದು ಮಲಗಿದ ಸನ್ನೆಗಳು.
"ಒತ್ತಿ."
ಎಳೆ ಬೆಂಡೆಯ ತುದಿ ಮುರಿದ ಹಾಗೆ,
ಅಷ್ಟೇ ಸದ್ದು.
ಸಂತೆಯಲ್ಲಿ ನಾನು ಬೆಂಡೆ ಆರಿಸುವುದೂ ಹೀಗೇ.
ಉಕ್ಕಿನದು ಬಲಿತಿತ್ತು, ಚಿನ್ನದ್ದು ಬಾಡಿತ್ತು.

"ಥಿಯೇಟರಿನಲ್ಲಿ ಕಟ್ಟಿಕೊಳ್ಳಲಿಕ್ಕುಂಟೋ?" ಸರ್ವೇಶ ಕೇಳಿದ.
ಇಲ್ಲ. ಮೊಣಕೈ ಕೆಳಗೆ ಏನೂ ಇರಕೂಡದು ಅಲ್ಲಿ,
ನಾಡಿ ಎಣಿಸಲು ಪರದೆಗಳಿವೆ.
"ಮತ್ತೆ?"

ಮತ್ತೆ ಏನು ಹೇಳಲಿ.
ನೂರರಿಂದ ಹಿಂದಕ್ಕೆ ಎಣಿಸಿ ಅನ್ನುತ್ತೇನೆ, ದಿನಾ.
ತೊಂಬತ್ತಮೂರು ದಾಟಿದವರು ಕಡಿಮೆ.
ನಾಲ್ಕು ತಾಸಿನ ಮೇಲೆ ಕಣ್ಣು ಬಿಟ್ಟು
ಶುರುವಾಯಿತೇ ಅನ್ನುತ್ತಾರೆ.
ಅವರ ಮುಳ್ಳು ಸೊನ್ನೆಗೆ ಬಂದು ನಿಂತಿರುತ್ತದೆ.
ಗೋಡೆಯದು ನಿಂತಿರುವುದಿಲ್ಲ.
ಅಷ್ಟು ಹೊತ್ತೂ ಅದನ್ನು ನೋಡುತ್ತಿದ್ದವಳು ನಾನು.
ನನಗೂ ಒಂದು ಗುಂಡಿ ಬೇಕೆನಿಸಿತು, ಸರ್ವೇಶ.
ಇದನ್ನು ಹೇಳಲಿಲ್ಲ. ಚೆಕ್ ಬರೆದೆ.

"ತೊಗಲಿನ ಪಟ್ಟಿ. ಮಳೆಗಾಲಕ್ಕೆ ಬೂಸು ಹಿಡಿಯುತ್ತದೆ.
ಬಳೆ ತಾಗಿದರೆ ಗೀರು," ಅಂದರು ರಾಯ್ಕರ್.
ಬಳೆ ಬಲಗೈಗೆ ಹೋಗಲು ಒಪ್ಪಲಿಲ್ಲ.
ಸಾಬೂನು, ಕೊಬ್ಬರಿ ಎಣ್ಣೆ, ಒಂದು ಬೈಗುಳ.

ಮೇಟ್ರನ್ ಇಸಾಬೆಲ್ಲಳ ನಿವೃತ್ತಿ ಸಮಾರಂಭ.
ಬದನೆಬಣ್ಣದ ಸೀರೆ, ಅದಕ್ಕೆ ಕೆನೆಮುಖ ಹೊಂದಿತು.
"ಗಂಡಸರದ್ದಾ?" ಪಕ್ಕದ ಕುರ್ಚಿ ಕೇಳಿತು.
"ಹಡಗಿನದು."
ಡಾಕ್ಟರ್ ಮಾಬ್ಲೇಶ್ವರ "ಎರಡೇ ಮಾತು" ಎಂದು ಎದ್ದರು.
ಸೆರಗಿನಡಿ ಬೆಂಡೆ ಮುರಿದೆ.
ಇಪ್ಪತ್ತೊಂಬತ್ತು ನಿಮಿಷ ಹನ್ನೊಂದು ಸೆಕೆಂಡು.
ಚಪ್ಪಾಳೆ ಸೇರಿಲ್ಲ.

ಮನೆಗೆ ಹೋಗುವ ಮೊದಲು ಕಡಲ ದಂಡೆಗೆ ಇಳಿದೆ.
ದೂರದಲ್ಲಿ ದೇವಗಡದ ದೀಪ.
ಬೆಳಕು ಬಂತು, ಒತ್ತಿದೆ.
ಕತ್ತಲು. ಯಾವುದೋ ಬೋಟಿನ ಇಂಜಿನ್. ಉಪ್ಪು.
ಮತ್ತೆ ಬೆಳಕು, ಒತ್ತಿದೆ.
ಬಂದ ಲೆಕ್ಕ ರಾಯ್ಕರರಿಗೂ ಹೇಳಿಲ್ಲ.
ಪಟ್ಟಿ ಬಿಚ್ಚಿ, ಒಳಮೈ ಸೆರಗಿನಲ್ಲಿ ಒರೆಸಿ,
ಇನ್ನೊಂದು ಸಲ ಶುರು ಮಾಡಿದೆ.