ಸೀಟಿ

ಟಿಕೆಟ್ ಮಷೀನನ್ನು ಡಿಪೋದಲ್ಲಿ ಒಪ್ಪಿಸಿದೆ.
ಸೀಟಿ ಬ್ಯಾಗಿನಲ್ಲೇ ಉಳಿದುಬಿಟ್ಟಿದೆ.
ಹದಿನಾಲ್ಕು ದಿನ ರಜೆ. ಕಾರಣದ ಜಾಗದಲ್ಲಿ
ಹೊಟ್ಟೆನೋವು ಎಂದು ಬರೆದೆ,
ಸುಳ್ಳು ಅನ್ನಲೂ ಆಗದು.

ರಾಜಾಜಿನಗರದ ಆಸ್ಪತ್ರೆ, ಎರಡನೇ ಮಹಡಿ.
ಪರದೆಯ ಮೇಲೆ ತೋರಿಸಿದರು ಡಾಕ್ಟರ್ ನಿಖತ್:
ಐದು ದಿನದ್ದು. ಅರ್ಧ ಬೆಂದ ಸಾಬಕ್ಕಿಯ ಹಾಗೆ
ಅಂಚು ತಿಳಿ, ಒಂದು ಮೂಲೆ ಮಾತ್ರ ಗಟ್ಟಿ.
ಸಣ್ಣ ಕೊಳವೆಯಿಂದ ಒಳಗೆ ಬಿಟ್ಟಾಗ
ಬಿಳಿ ಚುಕ್ಕಿಯೊಂದು ಮಿನುಗಿತು.
ಅದು ಭ್ರೂಣ ಅಲ್ಲ, ಜೊತೆಗಿದ್ದ ಗಾಳಿಗುಳ್ಳೆ, ಅಂದರು.
ಅಷ್ಟರಲ್ಲಿ ಗುಳ್ಳೆಗೇ ಕೈಮುಗಿದಾಗಿತ್ತು.

ನಾನೀಗ ಏನು ಮಾಡಬೇಕು ಮೇಡಂ?
ನೀವೇನೂ ಇಲ್ಲ. ಅವೆರಡೂ ಮಾತಾಡಿಕೊಳ್ಳಬೇಕು.

ಬಿಲ್ಲಿನ ಹಿಂಬದಿಯಲ್ಲಿ ಗೀಚಿ ತೋರಿಸಿದರು:
ಭ್ರೂಣ ತೇಲುತ್ತಾ ಎಲ್ಲಿ ಹತ್ತಿರ ಬರುತ್ತೋ
ಅಲ್ಲಿ, ಅಷ್ಟೇ ಅಗಲಕ್ಕೆ, ಗರ್ಭಕೋಶದ ಗೋಡೆ
ಗ್ರೋತ್ ಫ್ಯಾಕ್ಟರ್ ಹೊರಡಿಸುತ್ತೆ.
ಭ್ರೂಣದ ಮೈತುಂಬ ಅದನ್ನು ಹಿಡಿಯುವ ಕೊಂಡಿಗಳು.
ಹಿಡಿದದ್ದೇ ತಿರುಗಿ ತಾನೂ ಒಂದಿಷ್ಟು ಕಳಿಸುತ್ತೆ.
ಗೋಡೆ ಮೆತ್ತಗಾಗುತ್ತೆ, ಇನ್ನಷ್ಟು ಕೊಡುತ್ತೆ.
ಮೂರ್ನಾಲ್ಕು ದಿನ. ಆಮೇಲೆ ಬಾಗಿಲು ಮುಚ್ಚುತ್ತೆ.

ಮೊದಲು ಕರೆಯೋದು ಯಾರು?
ಪೆನ್ನಿಗೆ ಕ್ಯಾಪ್ ಹಾಕಿದರು. ಇಲಿಗಳಲ್ಲಿ ಸ್ವಲ್ಪ ಗೊತ್ತು.
ಹೆಂಗಸರೊಳಗೆ ಹೊಕ್ಕು ನೋಡಿದವರು ಯಾರು?

ನನಗೆ ಸ್ವಲ್ಪ ಗೊತ್ತು.
ಹನ್ನೊಂದು ವರ್ಷ, ಬನಶಂಕರಿಯಿಂದ ಯಶವಂತಪುರ,
ಡ್ರೈವರ್ ಫಕೀರಪ್ಪನ ಮುಖ ನೋಡಿ ಆಡಿದ ಮಾತು ಕಡಿಮೆ.
ನಡುವೆ ಎಂಬತ್ತು ಜನ, ಟಿಫಿನ್ ಡಬ್ಬಿ, ಬೆವರು.
ಒಂದು ಸೀಟಿ ಅಂದರೆ ನಿಲ್ಲು, ಎರಡಕ್ಕೆ ರೈಟ್.
ಕೆಲವು ಸಲ ಮಾತ್ರ
ಸೀಟಿ ತುಟಿಗೆ ತಾಗುವಷ್ಟರಲ್ಲಿ ಬಸ್ಸು ನಿಧಾನವಾಗಿರುತ್ತಿತ್ತು.
ಸ್ಟಾಪಿನಲ್ಲಿ ಒಬ್ಬಳೇ ಮುದುಕಿ, ಕನಕಾಂಬರದ ಬುಟ್ಟಿ.
ಅವಳ ಕೈ ಮೊದಲೋ, ಅವನ ಬ್ರೇಕು ಮೊದಲೋ,
ನನ್ನ ಉಸಿರು ಮೊದಲೋ,
ಯಾವ ವೇಬಿಲ್ಲಿನಲ್ಲೂ ಬರೆದಿಲ್ಲ.

ಎರಡು ಸಲ ಹತ್ತಿರ ಬಂದು ಹಾಗೇ ಹೋಗಿವೆ.
ಬಾಗಿಲು ತೆರೆದಿತ್ತಂತೆ, ಅದು ಕೂಗಲಿಲ್ಲವಂತೆ;
ಇಲ್ಲಾ, ಕೂಗಿತ್ತಂತೆ, ಬಾಗಿಲು ಮುಚ್ಚಿತ್ತಂತೆ.
ರಿಪೋರ್ಟಿನಲ್ಲಿ ಎಲ್ಲಕ್ಕೂ ಒಂದೇ ಪದ.
ನಾನೂ ಎಷ್ಟು ಜನರನ್ನು ಬಿಟ್ಟು ಬಂದಿದ್ದೇನೆ,
ಗಾಡಿ ಫುಲ್ಲು, ಹಿಂದೆ ಖಾಲಿ ಬರ್ತಾ ಇದೆ ಅಂತ.
ಹಿಂದೆ ಯಾವುದೂ ಬರುತ್ತಿರಲಿಲ್ಲ.

ಇವತ್ತು ಮೂರನೇ ದಿನ.
ಉಪ್ಪು ಮರೆತ ಸಾರು ಮಾಡಿಟ್ಟು
ಮುನಿಕೃಷ್ಣ ಕೆಲಸಕ್ಕೆ ಹೋದ.
ಲಗ್ಗೆರೆಯ ಈ ಕಿಟಕಿಯ ಕೆಳಗೆ ರಿಂಗ್ ರೋಡು,
ಬೇರೆ ಯಾರದೋ ಸೀಟಿ. ಒಂದು. ಎರಡು.
ಎಣಿಸುತ್ತಾ ಮಲಗಿದ್ದೇನೆ,
ಹೊಟ್ಟೆಯ ಮೇಲೆ ಕೈ ಇಡಲೋ ಬೇಡವೋ.
ನನ್ನನ್ನು ಕೇಳದೆ ಒಳಗೆ ಯಾರೋ ಇಬ್ಬರು
ಸಾಸಿವೆಗಿಂತ ಸಣ್ಣ ಸ್ಟಾಪಿನಲ್ಲಿ
ಈಗ ಊದುತ್ತಿರಬಹುದು, ಅಥವಾ ಇಲ್ಲ.

ಹೆಂಗಸರಿಗೆ ಈಗ ಸೊನ್ನೆ ರೂಪಾಯಿಯ ಟಿಕೆಟ್.
ನೀನು ಗಂಡಾದರೂ ನಾನು ಕೇಳುವುದಿಲ್ಲ.
ಚಿಲ್ಲರೆ ಹುಡುಕಬೇಡ.
ಫುಟ್‌ಬೋರ್ಡಿನ ಮೇಲೆ ನಿಲ್ಲಬೇಡ,
ಒಳಗೆ ಜಾಗ ಇದೆ.