ಮಳೆ ವಿವರ

ದಿನವೂ ಸಂಜೆ ಆರಕ್ಕೆ ನಾನೇ ಕಳಿಸುವುದು:
ಬಾದಾಮಿ ಸೊನ್ನೆ, ಹುನಗುಂದ ಎರಡು ಮಿಲಿಮೀಟರ್,
ಬೀಳಗಿ ಸೊನ್ನೆ, ಮುಧೋಳ ವರದಿ ಬಂದಿಲ್ಲ.
ನಾಲ್ಕನೇ ಪುಟದ ಬುಡದಲ್ಲಿ, ಒಣದ್ರಾಕ್ಷಿ ದರದ ಪಕ್ಕ
ಇರುವೆಯಷ್ಟು ಅಕ್ಷರದಲ್ಲಿ ನಿಲ್ಲುತ್ತದೆ ನನ್ನ ಮಳೆ.
ಇಪ್ಪತ್ತಾರು ವರ್ಷದಿಂದ
ಬಿದ್ದದ್ದನ್ನೂ ಬೀಳದ್ದನ್ನೂ ಒಂದೇ ದಪ್ಪದಲ್ಲಿ ಬರೆದಿದ್ದೇನೆ.

ನವನಗರದ ಸಭಾಭವನಕ್ಕೆ ಹೋದದ್ದು ದೀಪ ಬೆಳಗುವ ಫೋಟೋಕ್ಕೆ.
ಭೂಮಿ ಮತ್ತು ಹವಾಮಾನ, ಮೂರು ದಿನದ ಸಮ್ಮೇಳನ.
ಊಟದ ಚೀಟಿ, ಚೀಲ, ಪೆನ್ನು, ಕೊರಳಿಗೊಂದು ಹೆಸರು.
ಹೊರಡೋಣವೆಂದರೆ ಬೈಕಿಗೆ ಅಡ್ಡ ಯಾರದೋ ಕಾರು;
ಅದಕ್ಕೇ ಕೂತೆ, ಕೊನೆಯ ಸಾಲು, ಫ್ಯಾನಿನ ಕೆಳಗೆ.

ಗುಳೇದಗುಡ್ಡದ ದಾನೇಶ್ವರಿ ಮದ್ದಾನಿಗೆ ಹನ್ನೆರಡು ನಿಮಿಷ.
ಮೊದಲ ಚಿತ್ರ ಒಂದು ಕಲ್ಲು.
ಕಂದು ಬಣ್ಣ, ಮೈ ತುಂಬ ಕುಳಿ,
ಅಮ್ಮ ಬಂದು ಹೋದ ಮುಖದ ಹಾಗೆ.
ಇದು ಮಳೆ, ಅಂದಳು.
ಒಂದೇ ಒಂದು ಮಳೆ, ಬಹುಶಃ ಹತ್ತು ನಿಮಿಷದ್ದು,
ನೂರು ಕೋಟಿ ವರ್ಷದ ಹಿಂದೆ, ಒಣಗುತ್ತಿದ್ದ ಕೆಸರಿನ ಮೇಲೆ.
ಜೋರಾಗಿ ಬಂದಿದ್ದರೆ ತನ್ನನ್ನೇ ತಾನು ಕಲಸಿಕೊಂಡು ಹೋಗುತ್ತಿತ್ತು.
ಉಳಿದದ್ದು ಕಮ್ಮಿ ಬಂದದ್ದರಿಂದ.

ನಾನಾಗಿದ್ದರೆ ಬರೆಯುತ್ತಿದ್ದೆ: ಕಲಾದಗಿ, ತುಂತುರು.

ಹುಲ್ಲಿರಲಿಲ್ಲ ಆಗ. ಕಪ್ಪೆಯಿಲ್ಲ, ಕೊಡೆಯಿಲ್ಲ,
ಮಳೆ ಬಂತು ಎನ್ನಲು ಬಾಯಿ ಒಂದೂ ಇರಲಿಲ್ಲ.
ಹನಿ ಮಾತ್ರ. ಬೀಳುವ ಹನಿಯನ್ನು
ತಡೆದು ತಡೆದು ಇಳಿಸುವ ಗಾಳಿ ಮಾತ್ರ.
ಕುಳಿಯ ಅಗಲ ಅಳೆದರೆ
ಆ ಗಾಳಿ ಎಷ್ಟು ದಟ್ಟವಿತ್ತೆಂದು ಹತ್ತಿರ ಹತ್ತಿರ ಹೇಳಬಹುದಂತೆ.
ಅಪ್ಪ ಖಣದ ಎಳೆ ಎಣಿಸುವ ಗಾಜಿನಿಂದಲೇ ಮೊದಲು ಅಳೆದಳು,
ಯಂತ್ರ ಆಮೇಲೆ ಬಂತು; ಎರಡಕ್ಕೂ ಕೂದಲೆಳೆಯ ವ್ಯತ್ಯಾಸ.

ಅಧ್ಯಕ್ಷರು ಕೇಳಿದರು: ಗಾಳಿ ಬೀಸಿದ್ದು ಯಾವ ದಿಕ್ಕಿನಿಂದ?
ಹನಿ ಓರೆಯಾಗಿ ಬಿದ್ದರೆ ಒಂದು ಅಂಚು ಎತ್ತರ ಏಳಬೇಕಲ್ಲ?
ಎದ್ದಿದೆ ಸರ್. ಆದರೆ ದಿಕ್ಕು ಗೊತ್ತಿಲ್ಲ.
ಕಲ್ಲು ಇದ್ದಲ್ಲಿ ಸಿಕ್ಕದ್ದಲ್ಲ,
ಕಲಾದಗಿಯ ಮಾಬೂಬಿ ಗೌಂಡಿಯವರ ಹಿತ್ತಿಲಲ್ಲಿ.
ಹತ್ತೊಂಬತ್ತು ವರ್ಷ ಅದರ ಮೇಲೆ ಅರಿವೆ ಒಗೆದಿದ್ದಾರೆ,
ನೆರಳು ಸರಿದಂತೆ ಎಷ್ಟೋ ಸಲ ತಿರುಗಿಸಿ ಇಟ್ಟಿದ್ದಾರೆ.
ಯಾರೋ ನಕ್ಕರು. ಗಂಟೆ ಬಾರಿಸಿದರು.
ಗೊತ್ತಿಲ್ಲ:
ಅಷ್ಟು ಗಟ್ಟಿಯಾಗಿ ಆ ದಿನ ನನಗೆ ಕೇಳಿಸಿದ್ದು ಅದೊಂದೇ ಮಾತು.

ಡೆಸ್ಕಿನವ ಫೋನಿನಲ್ಲಿ: "ಇದ್ರಾಗ ಸುದ್ದಿ ಏನೈತ್ರೀ?"
ಮಳಿ ಆಗೇತಿ, ಅಂದೆ. "ಯಾವಾಗ?"
ಹೇಳಿದೆ. ಫೋನಿಟ್ಟ.
ಬೆಳಿಗ್ಗೆ ದೀಪ ಬಂದಿತ್ತು, ಮೂರು ಕಾಲಂ, ಹತ್ತು ಶಾಲು.
ಬುಡದಲ್ಲಿ ಬಾಗಲಕೋಟೆ ಸೊನ್ನೆ.

ಭಾನುವಾರ ಕಲಾದಗಿಗೆ ಹೋದೆ, ಯಾರೂ ಹೇಳದೆ.
ದಾರಿಯಲ್ಲಿ ಹಿನ್ನೀರು; ಅದರಡಿ ಎಲ್ಲೋ ನಾನು ಹುಟ್ಟಿದ ಓಣಿ,
ಅದರ ಮೇಲೆ ಕೆಸರು ಕೂರುತ್ತಿರಬೇಕು, ಅವಸರವಿಲ್ಲದೆ.
ಚಿಕ್ಕು ಮಾರುವವರು ದಾರಿ ಹೇಳಿದರು.
ಹಿತ್ತಿಲಲ್ಲಿ ಬದಲಿಗೆ ಕೊಟ್ಟ ಇಳಕಲ್ಲಿನ ಕಲ್ಲು,
ಗುಲಾಬಿ, ಕನ್ನಡಿಯಂಥದ್ದು.
"ಇದು ಜಾರತೈತ್ರೀ. ಅದು ಹಿಡೀತಿತ್ತು.
ಆ ಹುಡುಗಿ ಛಲೋ ಅದಾಳ, ಖರೆ.
ಆದ್ರ ನನ್ನ ಕಲ್ಲು ಯಾವಾಗ ತಂದು ಕೊಡ್ತಾಳ?"

ನಾನು ಹೇಳಲಿಲ್ಲ: ಕೊನೆಯ ಚಿತ್ರದಲ್ಲಿ
ಒಂದು ಮೂಲೆಗೆ ಕೆಂಪು ಗೆರೆ ಎಳೆದಿದ್ದಳು.
ನೂರ ನಲವತ್ತೊಂದು ಕುಳಿಗಳಲ್ಲಿ
ಇಪ್ಪತ್ಮೂರನ್ನು ಲೆಕ್ಕಕ್ಕೆ ಹಿಡಿದಿಲ್ಲ,
ಸವೆದಿವೆ, ಸವೆತ ಇತ್ತೀಚಿನದು.

ಇತ್ತೀಚಿನದು. ಮಾಬೂಬಿ ಅಂಗೈ ತಿರುವಿದಳು:
ಸೋಡಾ ತಿಂದ ಬೆರಳು, ಗೆರೆಯಿಲ್ಲದ ಹೆಬ್ಬೆಟ್ಟು.
ರೇಷನ್ ಅಂಗಡಿಯ ಮಷಿನ್ನಿಗೆ
"ಮೂರು ಸಲ ಒತ್ತಿದ್ರೂ
ನಾನು ನಾನಲ್ಲ ಅಂತೈತ್ರೀ."