ಬೊಳ್ಳಿಯ ಹೆಗಲ ಹಿಂದೆ

ಭಾನುವಾರ ಹತ್ತೂವರೆಗೆ ಸಿದ್ದಾಪುರದಲ್ಲಿ
ಬೆಳಕು ಎರಡು ಬಗೆ.
ಟಾರ್ಪಾಲಿನ ನೀಲಿಯಡಿ ಒಂದು, ಮೀನಿನ ಕಣ್ಣಿನಂಥದ್ದು;
ಜೀಪುಗಳು ತೋಟದವರನ್ನು ಇಳಿಸುವಲ್ಲಿ ಇನ್ನೊಂದು,
ನೇರ ಮುಖಕ್ಕೆ ಬಡಿಯುವಂಥದ್ದು.
ಎರಡರ ನಡುವೆ ನಿಲ್ಲುವುದು ನನ್ನ ಕಸುಬು.

ಅಪ್ಪ ಮೊಯಿದು ಬೀದಿಗೆ ಬಂದವರಲ್ಲ.
ಅವರದ್ದು ಒಂದು ಸ್ಟೂಲು, ನೀಲಿ ಪರದೆ,
ದಾರ ಕಟ್ಟಿ ಗೋಡೆಗೆ ನೇತುಹಾಕಿದ ಬಾಚಣಿಗೆ.
'ಗಲ್ಲ ಸ್ವಲ್ಪ ಕೆಳಗೆ. ಉಸಿರು ಹಿಡಿ.'
ರೇಷನ್ ಕಾರ್ಡಿಗೆ, ಓಟಿನ ಚೀಟಿಗೆ,
ಮೂರು ತೋಟಗಳ ಲೈನ್‌ಮನೆಗಳು
ಆ ಒಂದೇ ಬಾಚಣಿಗೆಯಲ್ಲಿ ತಲೆ ಬಾಚಿಕೊಂಡವು.
ಪ್ರತಿ ಹೆಸರೂ ಲೆಕ್ಕದ ಪುಸ್ತಕದಲ್ಲಿದೆ,
ಬಾಕಿಯ ಸಮೇತ.

ನಾನು ಪರದೆ ಬಿಚ್ಚಿದೆ. ಬಣ್ಣವನ್ನೂ ಬಿಟ್ಟೆ.
ಬಣ್ಣ ಕಣ್ಣಿಗೆ ಸುಳ್ಳು ಹೇಳುತ್ತದೆ ಅಂತ
ಒಂದು ಸಭೆಯಲ್ಲಿ ಹೇಳಿದ್ದೆ,
ಜನ ತಲೆದೂಗಿದ್ದರು.

ಹಾಗೆ ಸಿಕ್ಕವಳು ಅವಳು.
'ಯಾವುದೆತ್ತಿದರೂ ಐವತ್ತು' ರಾಶಿಯ ಮುಂದೆ
ಯಾರದೋ ಶಾಲೆಯ ಸ್ವೆಟರನ್ನು ಎದೆಗೆ ಹಿಡಿದು
ಇಲ್ಲದ ಮಗುವಿನ ಅಳತೆ ನೋಡುತ್ತಿದ್ದಳು.
ಸೆಕೆಂಡಿನ ಐನೂರನೇ ಒಂದು ಪಾಲು, ಅಷ್ಟೆ.
ಹೆಸರು ಕೇಳಲಿಲ್ಲ.
ಕೇಳಿದರೆ ಮುಖ ಬದಲಾಗುತ್ತದೆ.

ಬೆಂಗಳೂರಿನ ಬಿಳಿಗೋಡೆಯ ಮೇಲೆ
ಅವಳು ನನ್ನೆತ್ತರ ನಿಂತಳು,
ಕೆಳಗೆ ಚೀಟಿ: ಸಂತೆ, ಹನ್ನೊಂದು.
ವೈನಿನ ಲೋಟ ಹಿಡಿದ ಒಬ್ಬರು
ಹಿಂದಿನ ಆ ಮಸುಕು ಅಡ್ಡಿಯಲ್ಲವೇ ಎಂದರು.
ಕತ್ತರಿಸಬೇಕೆಂದಿದ್ದೆ, ಅಂದೆ.

ಪೇಪರಿನವರು ಅರ್ಧ ಪುಟ ಹಾಕಿದರು.
ಪೇಪರು ಹಳತಾಯಿತು,
ಕಿಲೋ ಲೆಕ್ಕದಲ್ಲಿ ತೂಗಿಸಿಕೊಂಡು
ಸಂತೆಗೇ ವಾಪಸು ಬಂತು.

ಕಳೆದ ವಾರ ಸ್ಟುಡಿಯೋ ಬಾಗಿಲಲ್ಲಿ
ಒಣಸೀಗಡಿಯ ವಾಸನೆ.
ಚಪ್ಪಲಿ ಹೊರಗೆ ಬಿಟ್ಟು ಬಂದಳು,
ಸೀಗಡಿಯನ್ನು ಸೆರಗಿಗೆ ಸುರಿದುಕೊಂಡು
ಪೊಟ್ಟಣ ಬಿಡಿಸಿ ಮೇಜಿನ ಮೇಲೆ ಹರಡಿದಳು.
'ಇದು ನೀ ತೆಗೆದದ್ದಾ?'
ಹೌದೆಂದೆ. ಮನಸ್ಸಿನಲ್ಲೇ ನೋಟು ಎಣಿಸಿದೆ:
ಎಷ್ಟು ಕೊಡುವುದು, ಏನಂತ ಕೊಡುವುದು.

ಅವಳ ಬೆರಳು ಅವಳ ಮುಖದ ಮೇಲೆ ನಿಲ್ಲಲೇ ಇಲ್ಲ.
ಹೆಗಲು ದಾಟಿ ಮಸುಕಿನ ಮೇಲೆ ಕೂತಿತು.

'ಇವ ಚಾತ. ನನ್ನ ತಮ್ಮ.
ಕೈ ಎತ್ತಿದ್ದು ನೋಡು,
ಜೀಪು ಹೊರಡ್ತದೆ ಬಾ ಅಂತ ಕರೀತಿದ್ದ.
ಗುರುವಾರ ಬೆಳಿಗ್ಗೆ ತೋಟದಲ್ಲಿ ಆನೆ.
ಕಾರ್ಡಿನಲ್ಲಿ ಮುಖ ಇತ್ತು,
ಪರಿಹಾರಕ್ಕೆ ಅಂತ ತಕ್ಕೊಂಡು ಹೋದವರು
ಪರಿಹಾರವನ್ನೂ ಕೊಡಲಿಲ್ಲ, ಕಾರ್ಡನ್ನೂ ಕೊಡಲಿಲ್ಲ.
ಇವನನ್ನು ಮಾತ್ರ ದೊಡ್ಡದು ಮಾಡಿಕೊಡು.
ನನ್ನ ಕತ್ತರಿಸು.'

ಕಂಪ್ಯೂಟರಿನಲ್ಲಿ ಹಿಗ್ಗಿಸಿದೆ.
ಹಿಗ್ಗಿದಷ್ಟೂ ಅವನು ಚದುರಿದ,
ಬೂದಿ ಬಣ್ಣದ ನುಚ್ಚಕ್ಕಿಯಾದ.
ಅವಳು ಮಾತ್ರ ಹತ್ತಿರ ಬಾಗಿ
ಎಡಗಿವಿ, ಹಲ್ಲು, ಬೀಡಿ, ಒಂದೊಂದಾಗಿ ಗುರುತಿಸಿದಳು.
ನನಗೆ ಏನೂ ಕಾಣಲಿಲ್ಲ. ಹ್ಞೂಂ ಹ್ಞೂಂ ಅನ್ನುತ್ತಿದ್ದೆ.

'ಅಂಗಿಯ ಬಣ್ಣ ಎಲ್ಲಿ?'

ಮೂಲ ಫೈಲಿನಲ್ಲಿ ಬಣ್ಣ ಹಾಗೇ ಕೂತಿತ್ತು.
ತೆರೆದೆ. ಊದಾ.
'ಅಲ್ಲ,' ಎಂದಳು. 'ಅದು ಟಾರ್ಪಾಲು ಬಿದ್ದದ್ದು.
ಅಂಗಿ ಕೆಂಪು. ಅವತ್ತೇ ಆ ರಾಶಿಯಿಂದ ಎತ್ತಿ
ಅಲ್ಲೇ ಹಾಕ್ಕೊಂಡಿದ್ದ. ಐವತ್ತು ಕೊಟ್ಟದ್ದು ನಾನು.'

ಕೆಂಪು ಹಾಕಿದೆ.
ಇನ್ನೂ, ಎಂದಳು.
ಇನ್ನೂ ಹಾಕಿದೆ.

ಅಪ್ಪನ ಪುಸ್ತಕ ಇಳಿಸಿ ಹೆಸರು ಕೇಳಿದೆ.
ಪಣಿಎರವರ ಬೊಳ್ಳಿ.
ಮುಖ ಬದಲಾಗಲಿಲ್ಲ.
ಹಾಳೆ ತಿರುವುವಾಗ ಹಳೆಯ ಶಾಯಿಯಲ್ಲಿ
'ಚಾತ, ಆರು ಪ್ರತಿ, ಇಪ್ಪತ್ತು ಬಾಕಿ' ಸಿಕ್ಕಿತು;
ಓದಿ ಹೇಳಬಾರದಿತ್ತೇನೋ.
ಸೊಂಟದ ಚೀಲ ಬಿಚ್ಚಿ ಎರಡು ಹತ್ತರ ನೋಟು ಇಟ್ಟಳು.
ಬೇಡವೆನ್ನಲು ಬಾಯಿ ಬರಲಿಲ್ಲ.

ತಮ್ಮನನ್ನು ರವಿಕೆಯೊಳಗೆ ಸೇರಿಸಿಕೊಂಡು,
ತನ್ನ ಮುಖವಿದ್ದ ಅರ್ಧ ಪುಟದಲ್ಲೇ
ಸೀಗಡಿಯನ್ನು ಮತ್ತೆ ಕಟ್ಟಿಕೊಂಡಳು.
ಹೊರಗೆ ಜೀಪು ಹಾರ್ನ್ ಹೊಡೆಯುತ್ತಿತ್ತು.